ಕಟ್ ಫಿಲ್ಮ್ ಯಾವುದು ತರಿಸೋಣ? ಕಾಸರಗೋಡಿನಲ್ಲಿ ಕೂತು ಹಾಕಿದ ಲೆಕ್ಕ

"ಅಟ್ಟ ಗುಡಿಸುವಾಗ ಮರದ ಕ್ಯಾಮೆರಾ ಸಿಕ್ಕಿತು. ಇದಕ್ಕೆ ಈಗಲೂ ಫಿಲ್ಮ್ ಸಿಗುತ್ತದಾ?" ಎರಡು ವರ್ಷದಲ್ಲಿ ಮೂರು ಜನ ನನ್ನನ್ನು ಹೀಗೆ ಕೇಳಿದ್ದಾರೆ. ಕೇಳುವುದು ಕಟ್ ಫಿಲ್ಮ್ ಬಗ್ಗೆ, ಅಂದರೆ ರೋಲ್ ಅಲ್ಲದೆ ಒಂದೊಂದೇ ಹಾಳೆಯಾಗಿ ಬರುವ ಫಿಲ್ಮ್. ಒಬ್ಬರು ಪೆರ್ಲದವರು, ಒಬ್ಬರು ಮಂಜೇಶ್ವರದವರು, ಮೂರನೆಯವರು ನಮ್ಮ ಭಾವ. ಮೂವರಿಗೂ ನಾನು ಕೇಳಿದ್ದು ಒಂದೇ ಮಾತು: ಅಳತೆ ಎಷ್ಟು? ಕ್ಯಾಮೆರಾದ ಹಿಂದಿನ ಮಸುಕು ಗಾಜು ಅಳೆದರೂ ಆದೀತು. ಫಿಲ್ಮ್ ಕೂರುವ ಸ್ಲೈಡ್ ಸಿಕ್ಕಿದರೆ ಅದನ್ನೇ ಅಳೆಯುವುದು ಒಳ್ಳೆಯದು.

ನಮ್ಮ ಕಡೆ ಅಟ್ಟದಿಂದ ಇಳಿಯುವುದು ಹೆಚ್ಚಾಗಿ ಹಾಫ್ ಪ್ಲೇಟ್ ಕ್ಯಾಮೆರಾ. ಅಂದರೆ 4¾ × 6½ ಇಂಚು. ಶಾಲೆಯ ಗ್ರೂಪ್ ಫೋಟೋ ತೆಗೆಯುವವರ ಹತ್ತಿರ ಫುಲ್ ಪ್ಲೇಟ್ ಇರುತ್ತಿತ್ತು, 6½ × 8½. ಈ ಎರಡು ಅಳತೆಯ ಫಿಲ್ಮನ್ನು ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಇವತ್ತು ಸರಿಯಾಗಿ ಉಸಿರಾಡುತ್ತಿರುವುದು 4×5 ಮತ್ತು 8×10. ಅವುಗಳ ನಡುವೆ 5×7 ಏದುಸಿರು ಬಿಡುತ್ತಿದೆ. 4×5 ಕ್ಯಾಮೆರಾ ಇದ್ದರೆ ನಿಮ್ಮ ತಲೆನೋವು ದುಡ್ಡಿನದ್ದು. ಹಾಫ್ ಪ್ಲೇಟ್ ಇದ್ದರೆ ಕತ್ತರಿಯದ್ದು.

ಫಿಲ್ಮ್ ಮುಗಿಯಿತು, ಮುಗಿಯಿತು ಎಂದು ಜನ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಮೊದಲು ಹೋಗುವುದು ಅಳತೆ. ಫಿಲ್ಮ್ ಹೋಗುವುದು ಆಮೇಲೆ. ಫ್ಯೂಜಿಯ ಅಕ್ರಾಸ್ ಫಿಲ್ಮನ್ನೇ ನೋಡಿ. 2018ರಲ್ಲಿ ನಿಂತಿತು. 2019ರಲ್ಲಿ ಅಕ್ರಾಸ್ 2 ಎಂಬ ಹೆಸರಿನಲ್ಲಿ ವಾಪಸ್ ಬಂತು, ಆದರೆ 35 ಎಂಎಂ ಮತ್ತು 120 ರೋಲ್‌ನಲ್ಲಿ ಮಾತ್ರ. ಹಾಳೆ ಬರಲೇ ಇಲ್ಲ. ಇದಕ್ಕೊಂದು ಕಾರಣ ಇದೆ. ಇಲ್‌ಫೋರ್ಡಿನ ಎಚ್‌ಪಿ5 ಪ್ಲಸ್ 120 ರೋಲ್ ಆಗಿ ಬರುವಾಗ 0.11 ಮಿಲಿಮೀಟರ್ ದಪ್ಪದ ಅಸಿಟೇಟ್ ಬೇಸ್ ಮೇಲಿರುತ್ತದೆ. ಹಾಳೆಯಾಗಿ ಬರುವಾಗ 0.18 ಮಿಲಿಮೀಟರಿನ ಪಾಲಿಯೆಸ್ಟರ್ ಮೇಲೆ. ಸ್ಲೈಡಿನೊಳಗೆ ಹಾಳೆ ಬಾಗದೆ ಚಪ್ಪಟೆಯಾಗಿ ನಿಲ್ಲಬೇಕಲ್ಲ, ಅದಕ್ಕೆ. ಹಿಟ್ಟು ಒಂದೇ ಆದರೂ ಕಾವಲಿ ಬೇರೆ ಇಡಬೇಕು. ಆಮೇಲೆ ಕತ್ತರಿಸಬೇಕು, ಕತ್ತಲೆಯಲ್ಲಿ ಬೆರಳಿಗೆ ಗುರುತು ಸಿಗುವ ಹಾಗೆ ಮೂಲೆಯಲ್ಲಿ ಕಚ್ಚು ಹಾಕಬೇಕು, ಪೆಟ್ಟಿಗೆಗೆ ತುಂಬಬೇಕು. ಕೊಳ್ಳುವವರು ನೂರು ಜನ ಇದ್ದರೆ ಯಾರು ಇಷ್ಟೆಲ್ಲ ಮಾಡುತ್ತಾರೆ?

ಹಾಗಾಗಿ ಯಾವ ಫಿಲ್ಮ್ ಚಂದ ಎನ್ನುವುದಕ್ಕಿಂತ ಮೊದಲು, ನನ್ನ ಅಳತೆಗೆ ಹತ್ತು ವರ್ಷ ಆದ ಮೇಲೂ ಏನು ಸಿಕ್ಕೀತು ಎಂದು ಯೋಚಿಸಿ. ಕೆಳಗಿನ ಹೋಲಿಕೆ ಎಲ್ಲ ಆ ಲೆಕ್ಕದಲ್ಲೇ ಇದೆ.

4×5 ಇರುವವರಿಗೆ: ಫೋಮಾ, ಇಲ್‌ಫೋರ್ಡ್, ಕೊಡಾಕ್

ಕಪ್ಪು ಬಿಳುಪಿನಲ್ಲಿ ಮೂರು ದಾರಿ. ಬೆಲೆಯ ಏಣಿ ಸಾಮಾನ್ಯವಾಗಿ ಹೀಗಿರುತ್ತದೆ: ಕೆಳಗೆ ಫೋಮಾ, ನಡುವೆ ಇಲ್‌ಫೋರ್ಡ್, ಮೇಲೆ ಕೊಡಾಕ್.

ಫೋಮಾ ಚೆಕ್ ದೇಶದ ಕಂಪನಿ, 1921ರಿಂದ ಇದೆ. ಅವರ ಫೋಮಾಪಾನ್ 100 ಪೆಟ್ಟಿಗೆಯಲ್ಲಿ 50 ಹಾಳೆ. ಹೊಸಬರು ಹಾಳು ಮಾಡಿ ಕಲಿಯಲಿಕ್ಕೆ ಇದಕ್ಕಿಂತ ಅಗ್ಗದ ಹೊಸ ಫಿಲ್ಮ್ ನನಗೆ ಸಿಕ್ಕಿಲ್ಲ. ಪೆಟ್ಟಿಗೆ ಮೇಲೆ ವೇಗ, ಅಂದರೆ ಬೆಳಕು ಹಿಡಿಯುವ ಚುರುಕು, 100 ಎಂದಿದ್ದರೂ ನಾನು 50 ಎಂದೇ ಬೆಳಕು ಅಳೆಯುವ ಮೀಟರಿಗೆ ಹೇಳುತ್ತೇನೆ. ನೆರಳಿನ ಭಾಗ ಆಗ ಸರಿಯಾಗಿ ಮೂಡುತ್ತದೆ.

ಫೋಮಾದ ನಿಜವಾದ ದೋಷ ಗೊತ್ತಾಗುವುದು ಕತ್ತಲೆಯಲ್ಲಿ. ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳನ್ನು ನೋಡಿದ್ದೀರಲ್ಲ? ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದು ನೀರು ತಂದವು. ಅಂಥ ಒಂದು ಸುರಂಗದ ಬಾಯಲ್ಲಿ ಟ್ರೈಪಾಡ್ ಇಟ್ಟೆ. ಮೀಟರ್ 10 ಸೆಕೆಂಡ್ ಎಂದಿತು, ನಾನು 10 ಕೊಟ್ಟೆ. ನೆಗೆಟಿವ್‌ನಲ್ಲಿ ಬಂದದ್ದು ಬಾಯಿಯ ಹತ್ತಿರದ ಜರಿಗಿಡ ಮಾತ್ರ. ಒಳಗೆ ಏನೂ ಇಲ್ಲ, ಬರೀ ಪಾರದರ್ಶಕ ಪ್ಲಾಸ್ಟಿಕ್. ಎಕ್ಸ್‌ಪೋಷರ್ ಉದ್ದ ಆದಷ್ಟೂ ಎಲ್ಲ ಫಿಲ್ಮ್‌ಗಳೂ ಸೋಮಾರಿಯಾಗುತ್ತವೆ, ಫೋಮಾ ಸ್ವಲ್ಪ ಜಾಸ್ತಿಯೇ. ಕಂಪನಿಯ ಪಟ್ಟಿಯ ಪ್ರಕಾರ ಫೋಮಾಪಾನ್ 100ಕ್ಕೆ ಮೀಟರ್ 1 ಸೆಕೆಂಡ್ ಎಂದರೆ 2 ಕೊಡಬೇಕು, 10 ಎಂದರೆ 80. ಮೀಟರ್ 100 ಎಂದರೆ 1600 ಸೆಕೆಂಡ್, ಅಂದರೆ 26 ನಿಮಿಷಕ್ಕೂ ಹೆಚ್ಚು. ಅದೇ 10 ಸೆಕೆಂಡಿಗೆ ಎಚ್‌ಪಿ5 ಕೇಳುವುದು ಸುಮಾರು 20, ಎಫ್‌ಪಿ4 ಸುಮಾರು 18, ಕೊಡಾಕಿನ ಟಿ-ಮ್ಯಾಕ್ಸ್ 100 ಕೇಳುವುದು 15. ಸುರಂಗ, ಗುಡಿಯ ಒಳಾಂಗಣ, ಹಳೇ ಮನೆಯ ನಡುಕೋಣೆ ನಿಮ್ಮ ವಿಷಯವಾಗಿದ್ದರೆ ಫೋಮಾದಲ್ಲಿ ಉಳಿಸಿದ ದುಡ್ಡನ್ನು ಸೊಳ್ಳೆ ಕಚ್ಚಿಸಿಕೊಂಡು ತೀರಿಸುತ್ತೀರಿ. ಬಯಲಿನ ಚಿತ್ರಕ್ಕೆ ಈ ಚಿಂತೆ ಇಲ್ಲ.

ಇಲ್‌ಫೋರ್ಡ್ ಇಂಗ್ಲೆಂಡಿನ ಮಾಬರ್ಲಿಯಲ್ಲಿ ತಯಾರಾಗುತ್ತದೆ. 4×5ರಲ್ಲಿ ಎಚ್‌ಪಿ5 ಪ್ಲಸ್, ಎಫ್‌ಪಿ4 ಪ್ಲಸ್, ಡೆಲ್ಟಾ 100 ಇವೆ, 25 ಹಾಳೆಯ ಪೆಟ್ಟಿಗೆಯಲ್ಲಿ. ಒಂದೇ ಫಿಲ್ಮ್ ಹೇಳಿ ಎಂದು ಪಟ್ಟು ಹಿಡಿದರೆ ನನ್ನ ಬಾಯಲ್ಲಿ ಬರುವುದು ಎಚ್‌ಪಿ5. ಕಾರಣ ನಮ್ಮ ಅಡಿಕೆ ತೋಟ. ದಟ್ಟ ನೆರಳಿನಲ್ಲಿ ಲೆನ್ಸಿನ ಕಿಂಡಿಯನ್ನು ಎಫ್ 22ಕ್ಕೆ ಕಿರಿದು ಮಾಡಿದರೆ 100ರ ಫಿಲ್ಮ್‌ಗೆ ಒಂದು ಸೆಕೆಂಡ್ ಆಚೀಚೆ ಬೇಕು. 400ರ ಎಚ್‌ಪಿ5ಕ್ಕೆ ಕಾಲು ಸೆಕೆಂಡ್ ಸಾಕು. ಸೋಗೆ ಅಲ್ಲಾಡದೆ ಒಂದು ಸೆಕೆಂಡ್ ನಿಂತದ್ದನ್ನು ನಾನಂತೂ ಕಂಡಿಲ್ಲ.

ಕೊಡಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿ ಇವತ್ತಿಗೂ ರಾಚೆಸ್ಟರಿನಲ್ಲಿ ಫಿಲ್ಮ್ ಮಾಡುತ್ತಿದೆ, ಅದೇ ದೊಡ್ಡದು. ಫಿಲ್ಮ್ ಸೊಗಸಾಗಿದೆ, ಬೆಲೆ ಅದಕ್ಕಿಂತ ಸೊಗಸು. ಒಂದು ಎಚ್ಚರ: ಹಾಳೆಯ ಟ್ರೈ-ಎಕ್ಸ್ 320, ರೋಲಿನ ಟ್ರೈ-ಎಕ್ಸ್ 400. ಹೆಸರು ಒಂದೇ, ಫಿಲ್ಮ್ ಬೇರೆ. ರೋಲಿನ ಡೆವಲಪಿಂಗ್ ಸಮಯವನ್ನು ಹಾಳೆಗೆ ಹಾಕಬೇಡಿ.

ಎಕ್ಸ್‌ರೇ ಫಿಲ್ಮ್: ಅಗ್ಗ, ಆದರೆ ಕೆಂಪು ಕಾಣದ ಕಣ್ಣು

ದೊಡ್ಡ ಹಾಳೆ, ಕಡಿಮೆ ಬೆಲೆ, ಭಾರತದಲ್ಲೇ ಸಿಗುವ ಸರಕು ಎಂದು ಯಾರು ಬೇಕಾದರೂ ಇದರ ಹಿಂದೆ ಓಡುತ್ತಾರೆ. ನಾನೂ ಓಡಿದ್ದೆ.

ಮೊದಲ ಸಲ ಎಡವಿದ ಕಥೆ ಕೇಳಿ. ಪರಿಚಯದ ಒಂದು ಲ್ಯಾಬಿನವರು ಪ್ರೀತಿಯಿಂದ ಒಂದು ಪೆಟ್ಟಿಗೆ ಕೊಟ್ಟರು. ಎರಡು ರಾತ್ರಿ ಡೆವಲಪರ್ ಬದಲಿಸಿ ಬದಲಿಸಿ ನೋಡಿದೆ. ಒಂದು ಗೆರೆಯೂ ಮೂಡಲಿಲ್ಲ. ಮೂರನೇ ದಿನ ತಿಳಿಯಿತು, ಅದು ಡಿಜಿಟಲ್ ಎಕ್ಸ್‌ರೇ ಯಂತ್ರದ ಪ್ರಿಂಟರ್‌ಗೆ ಹಾಕುವ ಡ್ರೈ ಫಿಲ್ಮ್. ಅದರಲ್ಲಿ ಚಿತ್ರ ಮೂಡುವುದು ಬಿಸಿಯಿಂದ. ಬೆಳಕು ಬಿದ್ದರೆ ಅದಕ್ಕೆ ಏನೂ ಆಗುವುದಿಲ್ಲ. ಆಸ್ಪತ್ರೆಗಳು ಡಿಜಿಟಲ್ ಆದ ಮೇಲೆ ಎಲ್ಲ ಕಡೆ ಇದೇ ತುಂಬಿದೆ. ಹಾಗಾಗಿ ಕೇಳುವಾಗ ಬಿಡಿಸಿ ಕೇಳಿ: ಡಾರ್ಕ್ ರೂಮಿನಲ್ಲಿ ಡೆವಲಪರ್, ಫಿಕ್ಸರ್ ಹಾಕಿ ತೊಳೆಯುವ ಹಳೇ ಫಿಲ್ಮ್ ಇದೆಯಾ, ಗ್ರೀನ್ ಸೆನ್ಸಿಟಿವ್ ಹೌದಾ?

ಸರಿಯಾದದ್ದು ಸಿಕ್ಕಿದರೆ ಅನುಕೂಲ ಇದೆ. ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡುತ್ತ ಕತ್ತರಿಸಬಹುದು, ಡೆವಲಪ್ ಮಾಡಬಹುದು. 8×10ರ ಒಂದು ಹಾಳೆಯಿಂದ 4×5ರ ನಾಲ್ಕು ಬರುತ್ತವೆ. ಆದರೆ ಸರಿಯಾಗಿ ನಾಲ್ಕು ಭಾಗ ಮಾಡಿದ್ದು ಸ್ಲೈಡಿಗೆ ಕೂರುವುದಿಲ್ಲ. 4×5 ಎಂದು ಮಾರುವ ಹಾಳೆ ನಿಜಕ್ಕೆ ಒಂದೆರಡು ಮಿಲಿಮೀಟರ್ ಚಿಕ್ಕದು. ಪ್ರತಿ ಬದಿಯಲ್ಲೂ ಅಷ್ಟು ಕಳೆಯಿರಿ. ಬಿಸಿಲಿನಲ್ಲಿ ನಾನು ಇದನ್ನು 80 ಎಂದು ಲೆಕ್ಕ ಹಿಡಿಯುತ್ತೇನೆ.

ತಾಪತ್ರಯವೂ ಇದೆ. ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ, ಎರಡೂ ಬದಿಗೆ ಇರುತ್ತದೆ. ಟ್ರೇಯಲ್ಲಿ ಅಡಿಗೆ ತಾಗಿದರೆ ಗೀರು, ಉಗುರು ತಾಗಿದರೆ ಗೀರು. ನಾನು ಟ್ರೇಯ ಅಡಿಗೆ ಗಾಜಿನ ಹಾಳೆ ಹಾಸಿ ಒಂದೊಂದೇ ಫಿಲ್ಮ್ ತೊಳೆಯುತ್ತೇನೆ. ಬೆಳಕು ಒಳಗೆ ಚದುರುವುದನ್ನು ತಡೆಯುವ ಪದರ ಇಲ್ಲ, ಹಾಗಾಗಿ ಕಿಟಕಿ, ದೀಪಗಳ ಸುತ್ತ ಮಂಜು ಕವಿದ ಹಾಗೆ ಬೆಳಗುತ್ತದೆ.

ಇದೆಲ್ಲ ಸಹಿಸಬಹುದು. ನನಗೆ ಕಷ್ಟವಾದದ್ದು ಬಣ್ಣ. ಈ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ, ಕೆಂಪೆಲ್ಲ ಕಪ್ಪಾಗುತ್ತದೆ. ನಮ್ಮೂರು ನೋಡಿದರೆ ಪೂರಾ ಕೆಂಪು. ಮಣ್ಣು ಕೆಂಪು, ಮುರಕಲ್ಲು ಕೆಂಪು, ಮಾಡಿನ ಹಂಚು ಕೆಂಪು, ಅಂಗಳದಲ್ಲಿ ಹರಗಿದ ಹಣ್ಣಡಿಕೆ ಕೆಂಪು, ತೆಯ್ಯದ (ದೈವದ ವೇಷದ) ಮುಖದ ಬಣ್ಣ ಕೆಂಪು. ಬೇಕಲ ಕೋಟೆಯ ಗೋಡೆಯನ್ನು ಹೀಗೆ ತೆಗೆದರೆ ಇದ್ದಿಲಿನ ರಾಶಿ ಕಾಣುತ್ತದೆ, ಹಿಂದೆ ಬಿಳುಚಿದ ಆಕಾಶ. ತೆಯ್ಯದ ಮುಖದ ಕುಸುರಿ ಕೆಲಸ ಎಲ್ಲ ಮಸಿ ಬಳಿದ ಹಾಗೆ ಒಂದಾಗುತ್ತದೆ. ಹಾಗಂತ ಪೂರ್ತಿ ದಂಡವಲ್ಲ. ಗದ್ದೆ, ಕೆರೆ, ಬಾಳೆ ಎಲೆ ಇದರಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತವೆ. ವಯಸ್ಸಾದವರ ಮುಖದ ಗೆರೆಗಳು ಕೊರೆದ ಹಾಗೆ ಬರುತ್ತವೆ. ಮದುಮಗಳ ಫೋಟೋಗೆ ಮಾತ್ರ ಬೇಡ, ಬೈಸಿಕೊಳ್ಳುತ್ತೀರಿ.

ಇದೇ ಗುಣ ಬೇಕು, ಗೀರು ಬೇಡ ಎನ್ನುವವರಿಗೆ ಇಲ್‌ಫೋರ್ಡ್ ಆರ್ಥೋ ಪ್ಲಸ್ ಇದೆ. ಒಂದೇ ಬದಿಗೆ ಎಮಲ್ಷನ್, ಹಗಲಿನಲ್ಲಿ 80ರ ವೇಗ, ಕೆಂಪು ದೀಪ ನಡೆಯುತ್ತದೆ. ಆದರೆ ಅಗ್ಗದ ಮಾತು ಅಲ್ಲಿಗೆ ಮುಗಿಯಿತು.

ಪೇಪರ್ ನೆಗೆಟಿವ್

ಕ್ಯಾಮೆರಾ ಸಿಕ್ಕಿದ ವಾರವೇ ಯಾರೂ ಫಿಲ್ಮ್ ಪೆಟ್ಟಿಗೆ ಕೊಳ್ಳಬಾರದು ಎನ್ನುವವನು ನಾನು. ಮೊದಲು ಪ್ರಿಂಟ್ ಹಾಕುವ ಕಪ್ಪು ಬಿಳುಪು ಪೇಪರನ್ನೇ ಕತ್ತರಿಸಿ ಸ್ಲೈಡಿಗೆ ಹಾಕಿ. ಯಾವ ಅಳತೆಗೆ ಬೇಕಾದರೂ ಕತ್ತರಿಸಬಹುದು. ಕೆಂಪು ದೀಪ ಇದ್ದರೆ ಸಾಕು. ಎರಡು ನಿಮಿಷದಲ್ಲಿ ಟ್ರೇಯಲ್ಲಿ ಚಿತ್ರ ಏಳುತ್ತದೆ. ಲೆನ್ಸಿನ ಹಿಂದಿನ ಮಡಿಕೆ ಚೀಲದಲ್ಲಿ, ಅಂದರೆ ಬೆಲ್ಲೋಸ್‌ನಲ್ಲಿ, ತೂತಿದ್ದರೆ, ಸ್ಲೈಡಿನ ಮೂಲೆಯಲ್ಲಿ ಬೆಳಕು ನುಗ್ಗುತ್ತಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

ವೇಗ ಮಾತ್ರ ಬಸವನಹುಳು. 6 ಎಂದು ಲೆಕ್ಕ ಹಿಡಿದು ಶುರು ಮಾಡಿ. 100ರ ಫಿಲ್ಮ್ ಒಂದು ಸೆಕೆಂಡ್ ಕೇಳುವ ಕಡೆ ಇದು 16 ಸೆಕೆಂಡ್ ಕೇಳುತ್ತದೆ. ಇದಕ್ಕೂ ಕೆಂಪು ಕಾಣದು. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ತೀರಾ ಬಿಳಿ, ಕಪ್ಪು ತೀರಾ ಕಪ್ಪು ಆಗುತ್ತದೆ. ಮೋಡದ ದಿನ ಇದರದ್ದು. ಬೆಳಕಿನ ಬಣ್ಣಕ್ಕೆ ತಕ್ಕಂತೆ ಗಡಸುತನ ಬದಲಾಗುವ ಮಲ್ಟಿಗ್ರೇಡ್ ಪೇಪರ್ ಆದರೆ ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ, ಗಡಸುತನ ತಗ್ಗುತ್ತದೆ. ಜೂನ್ ತಿಂಗಳಲ್ಲಿ ಎರಡು ಮಳೆಗಳ ನಡುವಿನ ಆ ಮೆತ್ತನೆ ಬೆಳಕು ಇರುತ್ತದಲ್ಲ, ನನ್ನ ಒಳ್ಳೆಯ ಪೇಪರ್ ನೆಗೆಟಿವ್‌ಗಳು ಎಲ್ಲ ಆಗ ತೆಗೆದವು.

ಹಾಫ್ ಪ್ಲೇಟ್ ಇರುವವರ ಕತ್ತರಿ ಲೆಕ್ಕ

5×7 ಫಿಲ್ಮ್ ಸಿಕ್ಕಿದರೆ ಒಂದು ಬದಿಯಿಂದ ಕಾಲು ಇಂಚು, ಇನ್ನೊಂದರಿಂದ ಅರ್ಧ ಇಂಚು ಕಳೆಯಿರಿ, ಹಾಫ್ ಪ್ಲೇಟ್ ತಯಾರು. ಮಾಮೂಲಿ ಫಿಲ್ಮ್ ಆದರೆ ಇದನ್ನು ಪೂರ್ತಿ ಕತ್ತಲೆಯಲ್ಲಿ ಮಾಡಬೇಕು. ಕಟ್ಟರ್ ಮೇಲೆ ಮೊದಲೇ ಮರದ ಪಟ್ಟಿ ಅಂಟಿಸಿಕೊಂಡರೆ ಬೆರಳು ಉಳಿಯುತ್ತದೆ. ಕತ್ತರಿಸುವಾಗ ಗುರುತಿನ ಕಚ್ಚು ಇರುವ ಮೂಲೆ ಉಳಿಸಿಕೊಳ್ಳಿ. ಹಾಳೆಯನ್ನು ನಿಲುವಾಗಿ ಹಿಡಿದಾಗ ಕಚ್ಚು ಬಲಗಡೆ ಮೇಲೆ ಬಂದರೆ ಎಮಲ್ಷನ್ ನಿಮ್ಮ ಮುಖದ ಕಡೆ ಇದೆ ಎಂದು ಅರ್ಥ. 8×10 ಎಕ್ಸ್‌ರೇ ಹಾಳೆಯಿಂದ ಎರಡು ಹಾಫ್ ಪ್ಲೇಟ್ ಬರುತ್ತವೆ. ಫುಲ್ ಪ್ಲೇಟ್ ಆದರೆ ಒಂದೇ.

ಇಲ್‌ಫೋರ್ಡಿನವರು ವರ್ಷಕ್ಕೊಮ್ಮೆ ಇಂಥ ಅನಾಥ ಅಳತೆಗಳಿಗೆ ಆರ್ಡರ್ ತೆಗೆದುಕೊಳ್ಳುತ್ತಾರೆ. ಹಾಫ್ ಪ್ಲೇಟೂ ಅದರಲ್ಲಿ ಬರುತ್ತದೆ. ತಿಂಗಳುಗಟ್ಟಲೆ ಕಾಯಬೇಕು. ಒಬ್ಬರೇ ಮಾಡಿದರೆ ಭಾರ, ನಾಲ್ಕು ಜನ ಸೇರಿದರೆ ಆದೀತು. ಗಡಿನಾಡಿನಲ್ಲಿ ಹಾಫ್ ಪ್ಲೇಟ್ ಇಟ್ಟುಕೊಂಡ ನಾಲ್ಕು ಜನರನ್ನು ಹುಡುಕುವುದೇ ಫಿಲ್ಮ್ ಹುಡುಕುವುದಕ್ಕಿಂತ ಕಷ್ಟ.

ಇನ್ನೊಂದು ಸಂಗತಿ ಹೆಚ್ಚಿನವರು ಮರೆಯುತ್ತಾರೆ. ಹಳೇ ಸ್ಲೈಡ್ ಮಾಡಿದ್ದು ಗಾಜಿನ ಪ್ಲೇಟಿಗೆ. ತೆಳು ಫಿಲ್ಮ್ ಅದರಲ್ಲಿ ಸಡಿಲವಾಗಿ ಕೂತು ಫೋಕಸ್ ತಪ್ಪುತ್ತದೆ. ಫಿಲ್ಮ್ ಹಿಡಿಯುವ ತಗಡಿನ ಶೀತ್ ಹಳೇ ಪೆಟ್ಟಿಗೆಯಲ್ಲೇ ಇರಬಹುದು, ಹುಡುಕಿ. ತಗಡಿನ ತುಂಡು ಎಂದು ಗುಜರಿಗೆ ಹಾಕಬೇಡಿ.

ಕಲರ್ ಬೇಕು ಎಂದರೆ

ಹಾಳೆಯಲ್ಲಿ ಬೇಡ. ಕೊಡಾಕಿನ ಪೋರ್ಟ್ರಾ, ಎಕ್ಟಾರ್, ನೇರ ಪಾಸಿಟಿವ್ ಚಿತ್ರ ಕೊಡುವ ಇ100 ಎಲ್ಲ 4×5ರಲ್ಲಿ ಇವೆ, 10 ಹಾಳೆಯ ಪೆಟ್ಟಿಗೆ. ಒಂದು ಸಲ ಕ್ಲಿಕ್ ಮಾಡುವ ಖರ್ಚಿನಲ್ಲಿ ಮನೆಮಂದಿ ಎಲ್ಲ ಹೋಟೆಲಿನಲ್ಲಿ ಉಂಡು ಬರಬಹುದು. ರೋಲ್ ತೊಳೆಯುವ ಲ್ಯಾಬಿನ ಯಂತ್ರಕ್ಕೆ ಹಾಳೆ ಹೋಗುವುದಿಲ್ಲ. ಮನೆಯಲ್ಲೇ 38 ಡಿಗ್ರಿಯಲ್ಲಿ ತೊಳೆಯಬೇಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಆದರೆ ನೀರನ್ನು ಅದೇ ಡಿಗ್ರಿಯಲ್ಲಿ ಹಿಡಿದು ನಿಲ್ಲಿಸುವುದು ಬೇರೆ ವಿದ್ಯೆ.

ಇದಕ್ಕಿಂತ 4×5 ಕ್ಯಾಮೆರಾದ ಹಿಂದೆ ಕೂರುವ 120 ರೋಲ್ ಬ್ಯಾಕ್ ತೆಗೆದುಕೊಳ್ಳಿ, 6×7 ಅಥವಾ 6×9 ಸೆಂಟಿಮೀಟರಿನದ್ದು. ಕ್ಯಾಮೆರಾದ ಹಿಂಬದಿ ಕಳಚುವಂಥದ್ದಾಗಿರಬೇಕು, ಹಳೇ ಮರದ ಕ್ಯಾಮೆರಾಗಳಿಗೆ ಇದು ಹಿಡಿಯದು. 4×5 ಹಾಳೆ 35 ಎಂಎಂ ಚೌಕಟ್ಟಿನ ಸುಮಾರು 13 ಪಟ್ಟು ದೊಡ್ಡದು. 6×9 ಐದು ಪಟ್ಟಿಗಿಂತ ಸ್ವಲ್ಪ ಹೆಚ್ಚು. ನಷ್ಟ ಇದೆ, ಆದರೆ ಲೆನ್ಸ್ ಏರಿಸುವುದು, ಓರೆ ಮಾಡುವುದು ಎಲ್ಲ ಉಳಿಯುತ್ತದೆ. ಮುಖ್ಯವಾಗಿ ರೋಲಿನ ಅಳತೆಗೆ ಸದ್ಯ ಸಾವಿಲ್ಲ. 2022ರಲ್ಲಿ ಕೊಡಾಕ್ ತನ್ನ ಗೋಲ್ಡ್ 200 ಫಿಲ್ಮನ್ನು 120ರಲ್ಲಿ ಹೊಸದಾಗಿ ತಂದಿತು. ಹಾಳೆಗೆ ಇಂಥ ಭಾಗ್ಯ ಎಲ್ಲಿಯದು?

ಹಳೇ ಸ್ಟಾಕ್

ಸ್ಟುಡಿಯೋ ಮುಚ್ಚುವಾಗ ಸಿಗುವ ಪೆಟ್ಟಿಗೆಗಳಲ್ಲಿ "ಇಂದು" ಎಂಬ ಹೆಸರು ಕಂಡರೆ ಒಂದು ಕ್ಷಣ ಕೈ ನಿಲ್ಲುತ್ತದೆ. ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಮಾಡಿದ್ದು. 1960ರಲ್ಲಿ ಹುಟ್ಟಿದ ಸರಕಾರಿ ಕಂಪನಿ. ಎಕ್ಸ್‌ರೇ ಫಿಲ್ಮ್, ರೋಲ್, ಬ್ರೋಮೈಡ್ ಪೇಪರ್ ಎಲ್ಲ ನಮ್ಮ ಪಕ್ಕದ ನೀಲಗಿರಿಯಲ್ಲೇ ಆಗುತ್ತಿತ್ತು. ಈಗ ಕಾರ್ಖಾನೆ ಇಲ್ಲ. ನೆನಪಿಗೆ ಇಟ್ಟುಕೊಳ್ಳಿ, ಚಿತ್ರಕ್ಕೆ ನಂಬಬೇಡಿ. ಕರಾವಳಿಯ ಸೆಕೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಕೂತ ಫಿಲ್ಮ್ ಪೂರ್ತಿ ಮಬ್ಬಾಗಿರುತ್ತದೆ. ಪೇಪರ್ ಆದರೆ ಒಂದು ತುಂಡು ಡೆವಲಪರ್‌ಗೆ ಹಾಕಿ ನೋಡಿ. ಬೆಳಕು ಕಾಣದ ತುಂಡು ಬೆಳ್ಳಗೇ ಉಳಿದರೆ ಅದೃಷ್ಟ.

ತರಿಸುವುದು, ಇಡುವುದು, ತೊಳೆಯುವುದು

ನಮ್ಮೂರಿನಲ್ಲಿ ಮನೆಗೊಬ್ಬರು ಗಲ್ಫಿನಲ್ಲಿ ಇದ್ದಾರೆ. ಬರುವಾಗ ಒಂದು ಪೆಟ್ಟಿಗೆ ಹಿಡಿದುಕೊಂಡು ಬಾ ಎಂದು ಹೇಳುವುದು ಸುಲಭ. ಆದರೆ ಲಗೇಜಿಗೆ ಹಾಕಿದರೆ ಅಲ್ಲಿನ ಸ್ಕ್ಯಾನರ್ ಫಿಲ್ಮನ್ನು ಹಾಳು ಮಾಡುತ್ತದೆ. ಕೈಚೀಲ ನೋಡುವ ಹೊಸ ಸಿಟಿ ಸ್ಕ್ಯಾನರ್‌ಗಳೂ ಅಷ್ಟೇ. ಕೈಯಲ್ಲೇ ಹಿಡಿದು, ಪೆಟ್ಟಿಗೆ ತೆರೆಯದೆ ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಬೇಕು. ಹೀಗೆ ವಾದ ಮಾಡುವಷ್ಟು ಪ್ರೀತಿ ಇರುವ ನೆಂಟರಿಗೆ ಮಾತ್ರ ಹೇಳಿ. ಭಾರತದ ಮಾರಾಟಗಾರರಿಂದ ತರಿಸುವುದು ಸ್ವಲ್ಪ ತುಟ್ಟಿ ಅನಿಸಿದರೂ ಕೊರಿಯರ್, ಸುಂಕ ಎಲ್ಲ ಕೂಡಿಸಿದರೆ ಅದೇ ಸಮ. ಎಕ್ಸ್‌ಪೈರಿ ತಾರೀಕು ಕೇಳಿಯೇ ದುಡ್ಡು ಹಾಕಿ.

ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಕಟ್ಟಿ ಫ್ರಿಜ್‌ನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ನಾಲ್ಕೈದು ಗಂಟೆ ಚೀಲ ಬಿಚ್ಚಬೇಡಿ. ಆಟಿ ತಿಂಗಳ ಗಾಳಿಗೆ ತಣ್ಣನೆ ಫಿಲ್ಮ್ ಸಿಕ್ಕಿದರೆ ಬೆವರುತ್ತದೆ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ.

ನಳ್ಳಿ ನೀರು ನಮ್ಮಲ್ಲಿ 28 ಡಿಗ್ರಿಗೆ ಇಳಿಯುವುದೇ ಅಪರೂಪ. ಪುಸ್ತಕದ ಲೆಕ್ಕ ಎಲ್ಲ 20ಕ್ಕೆ. ಎಚ್‌ಪಿ5 ಫಿಲ್ಮ್‌ಗೆ ಐಡಿ-11 ಡೆವಲಪರ್ ನೇರವಾಗಿ ಹಾಕಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಸಮ ಪಾಲು ನೀರು ಬೆರೆಸಿದರೆ 13 ನಿಮಿಷ. ನಾನು ಬೆರೆಸಿಯೇ ಮಾಡುತ್ತೇನೆ. ಐಸ್ ಹಾಕಿದ ದೊಡ್ಡ ಪಾತ್ರೆಯೊಳಗೆ ಟ್ರೇ ಇಟ್ಟು 24ಕ್ಕೆ ತಂದರೆ ಸುಮಾರು 9 ನಿಮಿಷ ಸಾಕು. ನೇರ ಡೆವಲಪರ್ ಅಷ್ಟು ಬಿಸಿಯಲ್ಲಿ ಐದು ನಿಮಿಷಕ್ಕೇ ಕೆಲಸ ಮುಗಿಸಿಬಿಡುತ್ತದೆ, ಚಿತ್ರ ಒಂದೇ ಸಮ ಬರುವುದಿಲ್ಲ.

ಕೊನೆಗೆ ಪೆರ್ಲದವರು 4×5 ಕೊಂಡು ಎಚ್‌ಪಿ5ಕ್ಕೆ ಹೋದರು, ಅವರ ತೋಟಕ್ಕೆ ಅದೇ ಸರಿ. ಮಂಜೇಶ್ವರದವರಿಗೆ ಕಡಲು, ದೋಣಿ, ಬಯಲು ಸಾಕು. ಫೋಮಾ ಹೇಳಿದೆ, ಖುಷಿಯಲ್ಲಿದ್ದಾರೆ. ಭಾವನ ಹಾಫ್ ಪ್ಲೇಟಿಗೆ ಪೇಪರ್ ಕತ್ತರಿಸಿ ಕೊಟ್ಟೆ. ಮೊದಲ ಚಿತ್ರ ಮನೆಯ ದನದ ಹಟ್ಟಿ, 20 ಸೆಕೆಂಡಿನದ್ದು. ಹಟ್ಟಿ ಚೆನ್ನಾಗಿ ಬಂದಿದೆ, ದನ ಇಲ್ಲ. ಎಡಗಡೆ ಒಂದು ಬಿಳಿ ಪಟ್ಟೆ ಇದೆ. ಬೆಳಕು ನುಗ್ಗಿದ್ದಾದರೆ ಪೇಪರ್ ನೆಗೆಟಿವ್‌ನಲ್ಲಿ ಅದು ಕಪ್ಪಾಗಿರಬೇಕಿತ್ತಲ್ಲ ಎಂದು ನೋಡಿದರೆ, ಬೆಲ್ಲೋಸ್ ಮಡಿಕೆ ಜೋತು ಬಿದ್ದು ಲೆನ್ಸಿನ ಬೆಳಕಿಗೆ ಅಡ್ಡ ನಿಂತಿದೆ. ಬರುವ ಭಾನುವಾರ ಅದನ್ನು ಎತ್ತಿ ಕಟ್ಟಲಿಕ್ಕೆ ಹೋಗಬೇಕು.